ರಿಟರ್ನ್ ಸಲ್ಲಿಸಿದವರೆಲ್ಲ ತೆರಿಗೆದಾರರಲ್ಲ

ಮಾನ್ಯರೇ,

ಗ್ಯಾರಂಟಿ ಯೋಜನೆಗಳ ಚರ್ಚೆ ಎದ್ದಾಗ ‘ದುಡಿಯುವ ಬಡವರಿಗೆ ತೆರಿಗೆ ಇಲಾಖೆಯ ಮೂಲಕವೇ ಹಣ ಕೊಡಲಿ, ಅಮೆರಿಕದಲ್ಲಿ ಹಾಗೇ ಅಲ್ಲವೇ’ ಎಂಬ ಮಾತು ಕೇಳಿಬರುತ್ತದೆ. ಆ ಮಾತಿನಲ್ಲಿ ತಥ್ಯವಿದೆ. ಆದರೆ ಅಲ್ಲಿನ ವ್ಯವಸ್ಥೆ ಮನೆಯ ಕಷ್ಟವನ್ನು ಎಷ್ಟು ಇಳಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಸರಿಯಾಗಿ ಗೊತ್ತಿರಬೇಕು. ಜೊತೆಗೆ, ನಮ್ಮ ರಾಜ್ಯದಲ್ಲಿ ಬಡ ಕಾರ್ಮಿಕರು ರಿಟರ್ನ್ ಸಲ್ಲಿಸಲು ಏಕೆ ಹೆದರುತ್ತಾರೆ ಎಂಬುದೂ ಗೊತ್ತಿರಬೇಕು. ಆದಾಯ ತೆರಿಗೆಯ ಕೆಲಸವನ್ನೇ ಮಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ.

ಅಮೆರಿಕದ ಈ ಯೋಜನೆಯ ಹೆಸರು ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ದುಡಿಮೆಯ ಆದಾಯಕ್ಕೆ ತೆರಿಗೆ ಲೆಕ್ಕದಲ್ಲಿ ಸಿಗುವ ನೆರವು; ಚಿಕ್ಕದಾಗಿ ಇಐಟಿಸಿ. ಲೂಸಿಯಾನಾದ ಸೆನೆಟರ್ ರಸೆಲ್ ಲಾಂಗ್ ಬೆನ್ನುಹತ್ತಿ ತಂದ ಈ ಯೋಜನೆಗೆ 1975ರಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದರು. ಬಡವರ ಸಂಬಳಕ್ಕೆ ಆದಾಯ ತೆರಿಗೆ ಬೀಳದಿದ್ದರೂ ಸಾಮಾಜಿಕ ಭದ್ರತೆಯ ತೆರಿಗೆ ಮೊದಲ ಡಾಲರ್‌ನಿಂದಲೇ ಕಡಿತವಾಗುತ್ತದೆ. ಆ ಭಾರವನ್ನು ಒಂದಿಷ್ಟು ಹಿಂದಿರುಗಿಸುವುದು ಮೂಲ ಉದ್ದೇಶವಾಗಿತ್ತು. ಆಗ ಸಿಗುತ್ತಿದ್ದುದು ಮೊದಲ 4,000 ಡಾಲರ್ ದುಡಿಮೆಯ ಮೇಲೆ ಶೇ 10, ಅಂದರೆ ಗರಿಷ್ಠ 400 ಡಾಲರ್. 1986, 1990 ಮತ್ತು 1993ರಲ್ಲಿ ಮೊತ್ತ ಏರಿತು. 2023ರ ಆದಾಯಕ್ಕೆ ಸುಮಾರು 2.3 ಕೋಟಿ ಕುಟುಂಬಗಳಿಗೆ ಸರಾಸರಿ 2,700 ಡಾಲರ್‌ಗೂ ತುಸು ಹೆಚ್ಚು ಸಂದಿದೆ.

ಲೆಕ್ಕ ಹೀಗಿದೆ. ಇಬ್ಬರು ಮಕ್ಕಳಿರುವ ಒಂಟಿ ತಾಯಿಯೊಬ್ಬಳು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡಿ 2024ರಲ್ಲಿ 20,000 ಡಾಲರ್ ದುಡಿದಳು ಎನ್ನಿ. ಆ ವರ್ಷ ಅವಳಂಥವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮೊದಲು ಆದಾಯದಲ್ಲಿ ಕಳೆಯುವ ಮೊತ್ತ) 21,900 ಡಾಲರ್ ಇತ್ತು. ಹಾಗಾಗಿ ಆದಾಯ ತೆರಿಗೆ ಸೊನ್ನೆ. ಇಐಟಿಸಿಯಲ್ಲಿ ಇಬ್ಬರು ಮಕ್ಕಳಿದ್ದರೆ ಆ ವರ್ಷ ಮೊದಲ 17,400 ಡಾಲರ್ ದುಡಿಮೆಗೆ ಶೇ 40 ಸಿಗುತ್ತಿತ್ತು, ಅಂದರೆ 6,960 ಡಾಲರ್. ತೆರಿಗೆಯೇ ಇಲ್ಲದಿದ್ದರೂ ಆ ಮೊತ್ತ ಪೂರ್ತಿಯಾಗಿ ಅವಳ ಬ್ಯಾಂಕ್ ಖಾತೆಗೆ ಬರುತ್ತದೆ. ಇದು ನಾಲ್ಕು ತಿಂಗಳ ಸಂಬಳಕ್ಕಿಂತ ಹೆಚ್ಚು. ಆ ವರ್ಷದ ಲೆಕ್ಕದಲ್ಲಿ ದುಡಿಮೆ 22,720 ಡಾಲರ್ ದಾಟಿದ ಮೇಲೆ ಪ್ರತಿ 100 ಡಾಲರ್‌ಗೆ 21.06 ಡಾಲರ್‌ನಂತೆ ನೆರವು ಇಳಿಯುತ್ತದೆ. 30,000 ದುಡಿದರೆ 5,427 ಸಿಗುತ್ತದೆ, 55,768 ತಲುಪಿದಾಗ ಏನೂ ಇಲ್ಲ. ಈ ಇಳಿಜಾರಿನಲ್ಲಿ ಇರುವವರಿಗೆ 100 ಡಾಲರ್ ಓವರ್‌ಟೈಮ್ ಮಾಡಿದರೆ 21 ಇಲ್ಲಿ ಹೋಗುತ್ತದೆ, ಮೇಲೆ 7.65 ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆಗೆ ಕಡಿತವಾಗುತ್ತದೆ.

ಮಕ್ಕಳಿಲ್ಲದ ಕಾರ್ಮಿಕರ ಪಾಲಿಗೆ ಇದೇ ಯೋಜನೆ ಬಹಳ ಜಿಪುಣ. ಗಂಟೆಗೆ 7.25 ಡಾಲರ್‌ನ ಕೇಂದ್ರ ಕನಿಷ್ಠ ಕೂಲಿಯಲ್ಲಿ ವರ್ಷವಿಡೀ ಪೂರ್ಣಾವಧಿ ದುಡಿದರೆ 15,080 ಡಾಲರ್ ಆಗುತ್ತದೆ. ಅದರಿಂದ 1,150 ಡಾಲರ್‌ನಷ್ಟು ಸಾಮಾಜಿಕ ಭದ್ರತೆ, ಮೆಡಿಕೇರ್ ಹೆಸರಲ್ಲಿ ಮೊದಲೇ ಕಡಿತವಾಗಿರುತ್ತದೆ. 2024ರ ಲೆಕ್ಕದಲ್ಲಿ ಹಿಂದಿರುಗಿ ಬರುತ್ತಿದ್ದುದು 270 ಡಾಲರ್ ಆಸುಪಾಸು. ಅದೂ ವಯಸ್ಸು 25ರಿಂದ 64ರೊಳಗಿದ್ದರೆ ಮಾತ್ರ. ಈ ಮಿತಿಗೆ ಯಾವ ಸಮರ್ಥನೆಯೂ ನಮಗೆ ಕಾಣುವುದಿಲ್ಲ.

ನಮ್ಮ ಕಾನೂನಿನಲ್ಲೂ ರಿಯಾಯಿತಿ ಇದೆ. 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ 60,000 ರೂಪಾಯಿವರೆಗೆ ರಿಯಾಯಿತಿ ಸಿಗುತ್ತದೆ, ಕಟ್ಟಬೇಕಾದ ತೆರಿಗೆ ಸೊನ್ನೆಯಾಗುತ್ತದೆ. ಆದರೆ ಈ ರಿಯಾಯಿತಿ ತೆರಿಗೆಯಷ್ಟಕ್ಕೇ ಸೀಮಿತ. 11 ಲಕ್ಷ ಸಂಪಾದಿಸುವವರಿಗೆ ಇದರಿಂದ ಸಾವಿರಾರು ರೂಪಾಯಿ ಉಳಿಯುತ್ತದೆ. ತಿಂಗಳಿಗೆ 13,000 ದುಡಿಯುವ ಹೊಲಿಗೆ ಕಾರ್ಮಿಕರಿಗೆ ಇದರಿಂದ ಒಂದು ಪೈಸೆ ಪ್ರಯೋಜನವಿಲ್ಲ, ಏಕೆಂದರೆ ಅವರಿಗೆ ತೆರಿಗೆಯೇ ಬಿದ್ದಿರುವುದಿಲ್ಲ. ಬಡವರ ಮನೆ ತಲುಪಬೇಕಾದ ಯಾವುದೇ ತೆರಿಗೆ ನೆರವು ತೆರಿಗೆಯನ್ನು ಮೀರಿ ಕೈಗೆ ಬರುವಂತಿರಬೇಕು. ಇದು ಮೊದಲ ಷರತ್ತು.

ಎರಡನೆಯದು ಹಣ ಯಾವಾಗ ಬರುತ್ತದೆ ಎಂಬುದು. ಅಮೆರಿಕದ ಇಐಟಿಸಿ ವರ್ಷಕ್ಕೊಮ್ಮೆ, ಒಂದೇ ಗಂಟಿನಲ್ಲಿ ಬರುತ್ತದೆ. ಜನವರಿ ಕೊನೆಯಲ್ಲೇ ರಿಟರ್ನ್ ಸಲ್ಲಿಸಿದರೂ ಕಾನೂನಿನ ಪ್ರಕಾರ ಫೆಬ್ರವರಿ ಮಧ್ಯದವರೆಗೆ ರೀಫಂಡ್ ಬಿಡುವಂತಿಲ್ಲ. ಖಾತೆಗೆ ಬೀಳುವ ಹೊತ್ತಿಗೆ ಫೆಬ್ರವರಿ ಮುಗಿಯುತ್ತಿರುತ್ತದೆ. ಮನೆ ಬಾಡಿಗೆ, ಕರೆಂಟ್ ಬಿಲ್, ಹಳೇ ಕಾರಿನ ರಿಪೇರಿ ಇವೆಲ್ಲ ವರ್ಷವಿಡೀ ಬರುತ್ತಿರುತ್ತವೆ. ಹಾಗಾಗಿ ಹಣ ಕೈಗೆ ಬಂದ ಕೂಡಲೇ ಹಿಂದಿನ ತಿಂಗಳುಗಳ ಬಾಕಿಗೆ ಹೋಗುತ್ತದೆ. ಬಾಡಿಗೆ ಬಾಕಿ, ಕ್ರೆಡಿಟ್ ಕಾರ್ಡ್ ಬಡ್ಡಿ, ನಿಲ್ಲಿಸಿದ್ದ ಫೋನ್ ಸಂಪರ್ಕ, ಮುಂದೂಡಿದ್ದ ಹಲ್ಲಿನ ಚಿಕಿತ್ಸೆ. ಈ ಕುಟುಂಬಗಳ ವಾಹನ ಖರೀದಿಯೂ ಫೆಬ್ರವರಿಯಲ್ಲೇ ಹೆಚ್ಚುತ್ತದೆ ಎಂದು ಷಿಕಾಗೊ ಫೆಡರಲ್ ರಿಸರ್ವ್ ಬ್ಯಾಂಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಬಸ್ ಇಲ್ಲದ ಊರುಗಳಲ್ಲಿ ಕೆಲಸಕ್ಕೆ ಹೋಗಲು ಕಾರೇ ಬೇಕು, ಆದ್ದರಿಂದ ಅದನ್ನು ದುಂದು ಎನ್ನಲಾಗದು. ಗಂಟು ಮೊತ್ತಕ್ಕೆ ಈ ಬಗೆಯ ಉಪಯೋಗ ಖಂಡಿತ ಇದೆ. ಹಳೇ ಸಾಲ ತೀರುತ್ತದೆ, ದೊಡ್ಡ ಖರ್ಚೊಂದು ಸಾಧ್ಯವಾಗುತ್ತದೆ. ಆದರೆ ನವೆಂಬರ್‌ನಲ್ಲಿ ಅಡುಗೆಮನೆ ಖಾಲಿಯಾದಾಗ ಅದು ನೆರವಿಗೆ ಬರುವುದಿಲ್ಲ. ಆಗ ದುಬಾರಿ ಬಡ್ಡಿಯ ಸಾಲವೇ ಗತಿ, ಮುಂದಿನ ಫೆಬ್ರವರಿಯ ಹಣದಲ್ಲಿ ಒಂದು ಭಾಗ ಆ ಬಡ್ಡಿಗೇ ಮೀಸಲು.

ತಿಂಗಳು ತಿಂಗಳು ಕೊಡುವ ಪ್ರಯತ್ನ ನಡೆದಿರಲಿಲ್ಲವೆಂದಲ್ಲ. ಮಾಲೀಕರಿಗೆ ಒಂದು ನಮೂನೆ ಕೊಟ್ಟರೆ ಸಂಬಳದ ಜೊತೆಗೇ ಮುಂಗಡವಾಗಿ ಒಂದಷ್ಟು ಸೇರಿಸಿ ಕೊಡುವ ಅವಕಾಶ ದಶಕಗಳ ಕಾಲ ಇತ್ತು. ಅದನ್ನು ಬಳಸಿಕೊಂಡವರು ನೂರಕ್ಕೆ ಮೂವರ ಆಸುಪಾಸು. ಕಾರಣಗಳು ಸ್ಪಷ್ಟ. ವರ್ಷದ ಕೊನೆಗೆ ಲೆಕ್ಕ ತಪ್ಪಿದರೆ ಹಿಂದಿರುಗಿಸಬೇಕಾದೀತೆಂಬ ಭಯ, ತನ್ನ ಮನೆಯ ಸ್ಥಿತಿ ಮಾಲೀಕನಿಗೆ ತಿಳಿಯುತ್ತದೆಂಬ ಹಿಂಜರಿಕೆ, ಇಂಥದೊಂದು ಅವಕಾಶ ಇದೆಯೆಂಬುದೇ ಅನೇಕರಿಗೆ ಗೊತ್ತಿರದಿದ್ದುದು. 2010ರ ಕೊನೆಗೆ ಅದನ್ನು ರದ್ದು ಮಾಡಿದರು.

ಲೆಕ್ಕ ತಪ್ಪುವ ಭಯ ಸುಳ್ಳಲ್ಲ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ 2003ರ ಏಪ್ರಿಲ್‌ನಲ್ಲಿ ಅಲ್ಲಿ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್ ಬಂತು. ಹಣ ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಬರುತ್ತಿತ್ತು. ಆದರೆ ಮೊತ್ತ ನಿಗದಿಯಾಗುತ್ತಿದ್ದುದು ವರ್ಷದ ಅಂದಾಜು ಆದಾಯದ ಮೇಲೆ. ವರ್ಷ ಮುಗಿದ ಮೇಲೆ ನಿಜವಾದ ಆದಾಯ ನೋಡಿ, ಹೆಚ್ಚು ಕೊಟ್ಟಿದ್ದರೆ ವಾಪಸ್ ಕೇಳುತ್ತಿದ್ದರು. ಮೊದಲ ವರ್ಷವೇ ಸುಮಾರು ಮೂರನೇ ಒಂದು ಭಾಗ ಕುಟುಂಬಗಳಿಗೆ ಹೆಚ್ಚು ಪಾವತಿಯಾಗಿತ್ತು. ಕೆಲಸದ ಗಂಟೆ ಬದಲಾದವರು, ಸಂಗಾತಿಯಿಂದ ದೂರವಾದವರು, ಮಗುವನ್ನು ನೋಡಿಕೊಳ್ಳಲು ಕೊಡುವ ಹಣ ಬದಲಾದವರು ಇವರಲ್ಲಿದ್ದರು. ಖರ್ಚಾಗಿ ಹೋದ ಹಣವನ್ನು ಮುಂದಿನ ಕಂತುಗಳಲ್ಲಿ ಕತ್ತರಿಸಿದರು. ಕಷ್ಟ ನೀಗಿಸಲು ಬಂದ ಯೋಜನೆಯೇ ಹೊಸ ಸಾಲ ತಂದಿತು. ಹಲವು ನೆರವುಗಳನ್ನು ಒಂದಾಗಿಸಿದ ಯೂನಿವರ್ಸಲ್ ಕ್ರೆಡಿಟ್ ಆ ಜಾಗಕ್ಕೆ ಬಂದು, 2025ರ ಏಪ್ರಿಲ್‌ನಲ್ಲಿ ಹಳೆಯದು ಪೂರ್ತಿ ಮುಚ್ಚಿತು.

ಇವೆರಡರ ನಡುವೆ 2021ರ ಅಮೆರಿಕದ ಪ್ರಯೋಗ ನಮ್ಮ ಮಟ್ಟಿಗೆ ಅತಿ ಮುಖ್ಯ. ಅದು ಇಐಟಿಸಿ ಅಲ್ಲ, ಅದರ ಸೋದರ ಯೋಜನೆಯಾದ ಮಕ್ಕಳ ತೆರಿಗೆ ಕ್ರೆಡಿಟ್. ಆ ಒಂದು ವರ್ಷ ಆರು ವರ್ಷದೊಳಗಿನ ಮಗುವಿಗೆ 3,600, ಅದಕ್ಕಿಂತ ದೊಡ್ಡ ಮಕ್ಕಳಿಗೆ 3,000 ಡಾಲರ್ ನಿಗದಿಯಾಗಿ, ಆದಾಯವೇ ಇಲ್ಲದ ಮನೆಗೂ ಪೂರ್ತಿ ಸಿಗುವಂತಾಯಿತು. ಅದರ ಅರ್ಧ ಭಾಗವನ್ನು ಜುಲೈಯಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 300 ಅಥವಾ 250 ಡಾಲರ್‌ನಂತೆ ಖಾತೆಗೆ ಹಾಕಿದರು. ಹಿಂದಿನ ವರ್ಷದ ರಿಟರ್ನ್ ಆಧಾರವಾಗಿದ್ದರಿಂದ ಬಹುಪಾಲು ಮಂದಿ ಅರ್ಜಿ ಹಾಕಬೇಕಾಗಲಿಲ್ಲ. ಕಡಿಮೆ ಆದಾಯದವರಿಗೆ, ಮಕ್ಕಳ ಸಂಖ್ಯೆ ತಪ್ಪಾಗಿ ಹಣ ಹೆಚ್ಚು ಹೋಗಿದ್ದರೂ ಒಂದು ಮಿತಿಯವರೆಗೆ ವಾಪಸ್ ಕೇಳಲಿಲ್ಲ. ಮೊದಲ ಕಂತು ಬಂದ ಮೇಲೆ ಮಕ್ಕಳಿರುವ ಮನೆಗಳಲ್ಲಿ ಊಟಕ್ಕೆ ಕೊರತೆ ಎಂದವರ ಪ್ರಮಾಣ ಇಳಿಯಿತು. ಜನಗಣತಿ ಬ್ಯೂರೊದ, ಸರ್ಕಾರಿ ನೆರವನ್ನೂ ಆದಾಯಕ್ಕೆ ಸೇರಿಸುವ ಪೂರಕ ಬಡತನ ಅಳತೆಯಲ್ಲಿ ಮಕ್ಕಳ ಬಡತನ 2021ರಲ್ಲಿ ಶೇ 5.2ಕ್ಕೆ ಇಳಿದಿತ್ತು. ಯೋಜನೆ ಹಿಂದಿನಂತಾದ 2022ರಲ್ಲಿ ಅದು ಶೇ 12.4. ಕೋವಿಡ್ ಕಾಲದ ಬೇರೆ ನೆರವುಗಳೂ ಆಗ ನಿಂತಿದ್ದವು, ಎಲ್ಲವನ್ನೂ ಇದೊಂದರ ತಲೆಗೆ ಕಟ್ಟಲಾಗದು. ಆದರೂ ಮನೆಯ ಖರ್ಚಿನ ಓಟಕ್ಕೆ ಹೊಂದುವಂತೆ ಹಣ ಬಂದರೆ, ಲೆಕ್ಕ ಹೆಚ್ಚುಕಡಿಮೆಯಾದಾಗ ಬಡವರ ಮೇಲೆ ವಸೂಲಿ ಬೀಳದಿದ್ದರೆ ಕಷ್ಟ ನಿಜಕ್ಕೂ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನು ಅರ್ಜಿಯ ತೊಡಕುಗಳು. ಅರ್ಹರಲ್ಲಿ ಐವರಿಗೊಬ್ಬರು ಇಐಟಿಸಿ ಕೇಳುವುದೇ ಇಲ್ಲ. ತೆರಿಗೆ ಬೀಳದಷ್ಟು ಕಡಿಮೆ ಆದಾಯವಿದ್ದವರು ರಿಟರ್ನ್ ಸಲ್ಲಿಸಬೇಕಿಲ್ಲ, ಆದರೆ ಸಲ್ಲಿಸದಿದ್ದರೆ ಈ ಹಣವೂ ಬರುವುದಿಲ್ಲ. ಸಲ್ಲಿಸುವವರಲ್ಲಿ ಅನೇಕರು ಖಾಸಗಿ ಏಜೆಂಟರಿಗೆ ನೂರಾರು ಡಾಲರ್ ತೆತ್ತು, ಆ ಶುಲ್ಕವನ್ನು ರೀಫಂಡ್‌ನಲ್ಲೇ ಮುರಿಸಿಕೊಳ್ಳುತ್ತಾರೆ. ಸರ್ಕಾರದ ನೆರವಿನ ವೀಟಾ ಎಂಬ ಉಚಿತ ಕೇಂದ್ರಗಳಿದ್ದರೂ ಎಲ್ಲರನ್ನೂ ಮುಟ್ಟುವುದಿಲ್ಲ. ಮಗು ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ಅಮೆರಿಕದಲ್ಲಿ ಅರ್ಜಿದಾರರ ಜೊತೆಗೇ ಇರಬೇಕೆಂಬ ನಿಯಮದಲ್ಲಿ ಬಹಳ ತಪ್ಪುಗಳಾಗುತ್ತವೆ. ಬೇರೆಯಾದ ತಂದೆ ತಾಯಿ ಇಬ್ಬರೂ ಒಂದೇ ಮಗುವನ್ನು ತೋರಿಸುತ್ತಾರೆ, ಕೆಲವೊಮ್ಮೆ ಅಜ್ಜಿಯೂ ತೋರಿಸುತ್ತಾರೆ. ಆಗ ಇಲಾಖೆ ರೀಫಂಡ್ ತಡೆಹಿಡಿದು, ಶಾಲೆಯ ಅಥವಾ ವೈದ್ಯರ ಲೆಟರ್‌ಹೆಡ್‌ನಲ್ಲಿ ಮಗುವಿನ ವಿಳಾಸ, ದಿನಾಂಕ ಇರುವ ಪತ್ರ ತನ್ನಿ ಎನ್ನುತ್ತದೆ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ಕುಟುಂಬಗಳಿಗೆ ಅದನ್ನು ಹೊಂದಿಸುವುದೇ ದೊಡ್ಡ ಪಾಡು. ಕಪ್ಪುವರ್ಣೀಯರ ಮೇಲೆ ತಪಾಸಣೆ ಉಳಿದವರಿಗಿಂತ ಸುಮಾರು ಮೂರರಿಂದ ಐದು ಪಟ್ಟು ಹೆಚ್ಚು ಬೀಳುತ್ತಿದೆ, ಅದರ ಬಹುಭಾಗ ಇಐಟಿಸಿ ತಪಾಸಣೆಯಿಂದಲೇ ಎಂದು 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು. ಇಲಾಖೆಯ ಮುಖ್ಯಸ್ಥರು ಆ ತಾರತಮ್ಯವನ್ನು ಒಪ್ಪಿಕೊಂಡರು.

ಅಮೆರಿಕದಲ್ಲಿರುವ ಕನ್ನಡಿಗರು ಈ ಸಾಲುಗಳನ್ನು ಓದಿದರೆ ಒಂದೆರಡು ವಿಷಯ ಗಮನಿಸಲಿ. ಎಫ್-1 ವೀಸಾದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕದಲ್ಲಿ ಅನಿವಾಸಿಗಳು, ಅವರಿಗೆ ಇಐಟಿಸಿ ಇಲ್ಲ. ಜಂಟಿ ರಿಟರ್ನ್‌ನಲ್ಲಿ ಎಚ್-4 ವೀಸಾದ (ಉದ್ಯೋಗ ವೀಸಾದವರ ಅವಲಂಬಿತರ ವೀಸಾ) ಸಂಗಾತಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರದೆ, ತೆರಿಗೆ ಕೆಲಸಕ್ಕಷ್ಟೇ ಕೊಡುವ ಐಟಿನ್ ಸಂಖ್ಯೆ ಮಾತ್ರ ಇದ್ದರೆ ಇಬ್ಬರಿಗೂ ಸಿಗುವುದಿಲ್ಲ. ಊರಿನಲ್ಲಿ ಅಜ್ಜಿ ತಾತನ ಬಳಿ ಬೆಳೆಯುತ್ತಿರುವ ಮಗುವನ್ನು ಲೆಕ್ಕಕ್ಕೆ ಸೇರಿಸಬಾರದು. ಬೇಜವಾಬ್ದಾರಿಯಿಂದ ತಪ್ಪು ಹಕ್ಕು ಸಾಧಿಸಿದರೆ ಎರಡು ವರ್ಷ, ವಂಚನೆಯಾದರೆ ಹತ್ತು ವರ್ಷ ಮತ್ತೆ ಕೇಳುವಂತಿಲ್ಲ.

ಇಷ್ಟೆಲ್ಲ ಲೋಪಗಳಿದ್ದರೂ ಅಮೆರಿಕದಲ್ಲಿ ಒಂದು ಮೂಲ ಸಂಗತಿ ನೆಟ್ಟಗಿದೆ. ಬಡ ಕಾರ್ಮಿಕ ರಿಟರ್ನ್ ಸಲ್ಲಿಸಿದರೆ ಅವನ ಕೈಗೆ ಹಣ ಬರುತ್ತದೆ. ಕರ್ನಾಟಕದಲ್ಲಿ ರಿಟರ್ನ್ ಸಲ್ಲಿಸಿದರೆ ಕೈಗೆ ಬರುತ್ತಿದ್ದುದೂ ನಿಲ್ಲಬಹುದೆಂಬ ಭಯ ಅವನನ್ನು ಕಾಡುತ್ತದೆ.

ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿ ಅಥವಾ ಅವರ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ತಿಂಗಳ 2,000 ರೂಪಾಯಿ ಸಿಗುವುದಿಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳ ರದ್ದತಿಯ ಗದ್ದಲ ಎದ್ದಾಗಲೂ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರ ಕಾರ್ಡ್ ಬಿಟ್ಟು ಉಳಿದವರದ್ದು ಮರಳಿಸುತ್ತೇವೆ ಎಂದು ಸರ್ಕಾರ ಹೇಳಿತು. ನಿಯಮ ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಇರುವುದು ‘ಪಾವತಿದಾರ’ ಯಾರು ಎಂದು ಗುರುತಿಸುವಲ್ಲಿ. ಒಂದು ರೂಪಾಯಿ ತೆರಿಗೆ ಕಟ್ಟದವರ ಹೆಸರೂ ಪಟ್ಟಿಯಲ್ಲಿ ಸೇರಿ ಹಣ ನಿಂತ ದೂರುಗಳು ಪತ್ರಿಕೆಗಳಲ್ಲಿ ಬಂದಿವೆ.

ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ದುಡಿದು ಬಿಟ್ಟ ಮಹಿಳೆಯೊಬ್ಬರು 90,000 ರೂಪಾಯಿ ಪಿಎಫ್ ಡ್ರಾ ಮಾಡಿದರೆಂದು ಇಟ್ಟುಕೊಳ್ಳಿ. ಸೇವೆ ಐದು ವರ್ಷಕ್ಕಿಂತ ಕಡಿಮೆ, ಮೊತ್ತ 50,000ಕ್ಕೆ ಕಡಿಮೆ ಇಲ್ಲ, ಆದ್ದರಿಂದ ಶೇ 10ರಂತೆ 9,000 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿತ. ಯುಎಎನ್‌ಗೆ, ಅಂದರೆ ಪಿಎಫ್ ಸದಸ್ಯರ ಸಂಖ್ಯೆಗೆ, ಪ್ಯಾನ್ ಜೋಡಿಸಿರದಿದ್ದರೆ ಶೇ 20, ಅಂದರೆ 18,000. ಅವರ ವರ್ಷದ ಆದಾಯ ಇದೆಲ್ಲ ಸೇರಿಸಿದರೂ 4 ಲಕ್ಷದ ಮೂಲ ವಿನಾಯಿತಿಯ (ತೆರಿಗೆಯೇ ಬೀಳದ ಆದಾಯದ ಮಿತಿ) ಹತ್ತಿರಕ್ಕೂ ಬರುವುದಿಲ್ಲ. ರಿಟರ್ನ್ ಸಲ್ಲಿಸಿದರೆ ಪೂರ್ತಿ ಹಣ ವಾಪಸ್. ಆದರೆ ರಿಟರ್ನ್ ಸಲ್ಲಿಸಿದ್ದಕ್ಕೆ ಗೃಹಲಕ್ಷ್ಮಿ ನಿಂತರೆ ವರ್ಷಕ್ಕೆ 24,000 ನಷ್ಟ, ಮೇಲೆ ರೇಷನ್ ಕಾರ್ಡ್‌ನ ಚಿಂತೆ. ಹಾಗಾಗಿ ಆ 9,000 ಹೋದರೆ ಹೋಗಲಿ ಎಂದು ಬಿಡುತ್ತಾರೆ. ಪಿಎಫ್ ತೆಗೆದದ್ದೇ ಕೈಸಾಲ ತೀರಿಸಲೋ ಮಕ್ಕಳ ಫೀಸಿಗೋ ಆಗಿರುತ್ತದೆ. ಆ 9,000ಕ್ಕೆ ಮತ್ತೆ ಸಂಘದಲ್ಲೋ ಬಡ್ಡಿಗೋ ಸಾಲ.

ಈ ಕಡಿತವನ್ನು ಮೊದಲೇ ತಪ್ಪಿಸಲು ದಾರಿಗಳಿವೆ. ಕಾರ್ಖಾನೆ ಬದಲಿಸಿದಾಗ ಪಿಎಫ್ ಡ್ರಾ ಮಾಡದೆ ಹೊಸ ಕಡೆಗೆ ವರ್ಗಾಯಿಸಿದರೆ ಹಳೆಯ ಸೇವೆಯೂ ಐದು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಡ್ರಾ ಮಾಡಲೇಬೇಕಿದ್ದರೆ ಮೊದಲು ಪ್ಯಾನ್ ಜೋಡಿಸಿ, ಅರ್ಜಿಯ ಜೊತೆಗೇ ತನಗೆ ತೆರಿಗೆ ಬೀಳುವುದಿಲ್ಲವೆಂಬ, ಜನ 15ಜಿ ಎಂದು ಕರೆಯುವ ಘೋಷಣಾ ಪತ್ರ ಅಪ್‌ಲೋಡ್ ಮಾಡಬೇಕು. ಹಣ ಬಂದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಅನಾರೋಗ್ಯದಿಂದ ಕೆಲಸ ಹೋಗಿದ್ದರೆ, ಕಾರ್ಖಾನೆಯೇ ಮುಚ್ಚಿದ್ದರೆ ಐದು ವರ್ಷದ ನಿಯಮ ಅನ್ವಯಿಸುವುದಿಲ್ಲ. ಪೇಂಟಿಂಗ್, ವೈರಿಂಗ್‌ನಂಥ ಗುತ್ತಿಗೆ ಕೆಲಸದವರಿಗೆ ಕಂಪನಿಗಳು ಶೇ 1 ಹಿಡಿಯುತ್ತವೆ, ಅದಕ್ಕೆ 15ಜಿ ನಡೆಯದು, ಹಿಡಿದ ಹಣ ವಾಪಸ್ ಪಡೆಯಲು ರಿಟರ್ನ್ ಸಲ್ಲಿಸಬೇಕು. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದ ಸರಕು ಸಾಗಣೆದಾರರು ಮಾತ್ರ ಪ್ಯಾನ್ ಕೊಟ್ಟು ಘೋಷಣೆ ಬರೆದುಕೊಟ್ಟರೆ ಕಡಿತವಿಲ್ಲ. ಆಧಾರ್ ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಕಡಿತವೂ ಜಾಸ್ತಿ, ರೀಫಂಡ್ ಕೂಡ ಬಿಡುಗಡೆಯಾಗುವುದಿಲ್ಲ. ರೀಫಂಡ್ ವಾಪಸ್ ಹೋಗಲು ನಾವು ಹೆಚ್ಚಾಗಿ ಕಾಣುವ ಕಾರಣ ಬ್ಯಾಂಕ್ ಖಾತೆಯ ಹೆಸರಿಗೂ ಪ್ಯಾನ್‌ನ ಹೆಸರಿಗೂ ಹೊಂದಿಕೆಯಾಗದಿರುವುದು. ಒಂದು ಕಡೆ ತಂದೆಯ ಇನಿಷಿಯಲ್, ಇನ್ನೊಂದು ಕಡೆ ಗಂಡನ ಹೆಸರು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಖಾತೆ ವ್ಯಾಲಿಡೇಟ್ ಆಗಿದೆಯೇ ಎಂದು ಮೊದಲೇ ನೋಡಬೇಕು. ರಿಟರ್ನ್ ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ಇ-ವೆರಿಫೈ ಮಾಡದಿದ್ದರೂ ಕೆಲಸ ಕೆಡುತ್ತದೆ.

ರಾಜ್ಯ ಸರ್ಕಾರಕ್ಕೆ ನಮ್ಮ ಕೋರಿಕೆ ಇಷ್ಟು. ಅರ್ಹತೆ ನೋಡುವಾಗ ರಿಟರ್ನ್ ಇದೆಯೇ, ಪ್ಯಾನ್‌ನಲ್ಲಿ ಟಿಡಿಎಸ್ ಇದೆಯೇ ಎಂಬುದನ್ನು ಮಾನದಂಡ ಮಾಡಬಾರದು. ‘ತೆರಿಗೆ ಕಟ್ಟಿದ್ದಾರೆಯೇ’ ಎಂಬ ಪ್ರಶ್ನೆಯೂ ಈಗ ಸಾಲದು, ಏಕೆಂದರೆ 12 ಲಕ್ಷದವರೆಗೆ ರಿಯಾಯಿತಿ ಬಂದ ಮೇಲೆ 11 ಲಕ್ಷ ಸಂಪಾದಿಸುವವರ ತೆರಿಗೆಯೂ ಸೊನ್ನೆ. ನೋಡಬೇಕಾದುದು ರಿಟರ್ನ್‌ನಲ್ಲಿರುವ ಒಟ್ಟು ಆದಾಯದ ಅಂಕಿ. ಅದು ಮೂಲ ವಿನಾಯಿತಿ ಮಿತಿಯೊಳಗಿದ್ದರೆ ಗೃಹಲಕ್ಷ್ಮಿ ನಿಲ್ಲಬಾರದು. ಪಿಎಫ್‌ನಂತೆ ಒಂದೇ ಸಲ ಬಂದ ಹಣದಿಂದ ಆ ವರ್ಷದ ಆದಾಯ ಹೆಚ್ಚು ಕಂಡರೆ ಅದಕ್ಕೇ ಕಾರ್ಡ್ ರದ್ದಾಗಬಾರದು. ಹಣ ನಿಲ್ಲಿಸುವ ಮೊದಲು ಯಾವ ವರ್ಷದ ಯಾವ ಅಂಕಿಯ ಆಧಾರದ ಮೇಲೆ ಎಂದು ಕನ್ನಡದಲ್ಲಿ ನೋಟಿಸ್ ಕೊಟ್ಟು, ಗ್ರಾಮ ಒನ್ ಕೇಂದ್ರದಲ್ಲೇ ಆಕ್ಷೇಪಣೆ ಸಲ್ಲಿಸಲು ಅವಕಾಶ ಇರಬೇಕು.

ಇದಾದ ಮೇಲೆ ಕೇಂದ್ರ ಸರ್ಕಾರ ಇಐಟಿಸಿಯಂಥದ್ದನ್ನು ಯೋಚಿಸುವುದಾದರೆ ಆಧಾರ ಕೈಯಲ್ಲೇ ಇದೆ. 2025ರ ಆಗಸ್ಟ್‌ನಿಂದ ಜಾರಿಗೆ ಬಂದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ 15,000 ರೂಪಾಯಿವರೆಗೆ ಎರಡು ಕಂತುಗಳಲ್ಲಿ ಕೊಡುವುದು ಪಿಎಫ್ ದಾಖಲೆ ನೋಡಿಯೇ. ಅದೇ ದಾಖಲೆಯಿಂದ ಕಡಿಮೆ ಸಂಬಳದವರನ್ನು ಗುರುತಿಸಿ ತಿಂಗಳು ತಿಂಗಳು ಕೊಡಬಹುದು, ಬ್ರಿಟನ್ನಿನಂತೆ ವರ್ಷದ ಕೊನೆಗೆ ವಸೂಲಿಗೆ ಇಳಿಯದಿದ್ದರಾಯಿತು. ಕೂಲಿ, ಮನೆಗೆಲಸ, ಹೊಲದ ದುಡಿಮೆಯ ಬಹುದೊಡ್ಡ ವರ್ಗ ಆ ದಾಖಲೆಯಲ್ಲಿಲ್ಲ. ಅವರಿಗೆ ಗೃಹಲಕ್ಷ್ಮಿಯಂಥ ನೇರ ಪಾವತಿಯೇ ಬೇಕು, ತೆರಿಗೆ ಕ್ರೆಡಿಟ್ ಅದರ ಜಾಗಕ್ಕೆ ಬರಬಾರದು.

ಟಿಡಿಎಸ್ ಕಳೆದುಕೊಂಡವರಿಗೆ ಒಂದು ಮಾತು. ಸಂಬಳದಾರರ ರಿಟರ್ನ್‌ಗೆ ಸಾಮಾನ್ಯವಾಗಿ ಜುಲೈ 31 ಗಡುವು, ತಪ್ಪಿದರೆ ಡಿಸೆಂಬರ್ 31ರವರೆಗೆ ಸಲ್ಲಿಸಬಹುದು. ಆದಾಯ ಮೂಲ ವಿನಾಯಿತಿಯೊಳಗಿದ್ದರೆ ತಡವಾದ ಶುಲ್ಕ ಇಲ್ಲ. ಡಿಸೆಂಬರ್ 31 ಕೂಡ ದಾಟಿದ್ದರೆ ‘ಅಪ್‌ಡೇಟೆಡ್ ರಿಟರ್ನ್’ ಹಾಕಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ, ಅದರಲ್ಲಿ ರೀಫಂಡ್ ಪಡೆಯಲು ಬರುವುದಿಲ್ಲ. ವಿಳಂಬ ಮನ್ನಿಸುವಂತೆ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು, 2024ರ ಅಕ್ಟೋಬರ್‌ನ ಸುತ್ತೋಲೆಯಂತೆ ಆಯಾ ಅಸೆಸ್‌ಮೆಂಟ್ ವರ್ಷ ಮುಗಿದ ಐದು ವರ್ಷಗಳವರೆಗೆ ಅವಕಾಶವಿದೆ. ತಡವಾದುದಕ್ಕೆ ಕಾರಣ, ಆಸ್ಪತ್ರೆ ಚೀಟಿಯೋ ಕೆಲಸ ಬಿಟ್ಟ ಪತ್ರವೋ ಇದ್ದರೆ ಅದು, ಮತ್ತು ಟಿಡಿಎಸ್ ಕಾಣುವ 26ಎಎಸ್ ಪ್ರತಿ ಜೊತೆಗಿರಲಿ.

ಇತಿ,
ಆದಾಯ ತೆರಿಗೆ ಸಲಹೆಗಾರರ ಒಂದು ಬಳಗ, ಬೆಂಗಳೂರು